ಶಿರಾ ಗೇಟಿನ ಬೋರ್ಡು ನಂಜುಂಡಪ್ಪ

ತಾವು ಕಣ್ಣಾರೆ ನೋಡದ ಜಾಗದ ಹೆಸರನ್ನು ನಂಜುಂಡಪ್ಪನವರು ಬರೆಯುತ್ತಿರಲಿಲ್ಲ. ಅಂಗಡಿಯ ಬೋರ್ಡಾದರೆ ಅಂಗಡಿಗೆ ಹೋಗಿ ಒಂದು ಗಳಿಗೆ ನಿಂತು ಬರಬೇಕು. ಹೋಟೆಲಿನದಾದರೆ ಒಂದು ಇಡ್ಲಿಯನ್ನಾದರೂ ತಿನ್ನಬೇಕು. ಡಾಕ್ಟರ ಶಾಪಿನದಾದರೆ ರೋಗಿಗಳ ನಡುವೆ ಬೆಂಚಿನ ಮೇಲೆ ಕೂತು ಎರಡು ಸಲ ಕೆಮ್ಮಬೇಕು. ಆಮೇಲೇ ಬ್ರಷ್ಷಿಗೆ ಬಣ್ಣ. "ಒಳಗೇನೈತೆ ಅಂತ ಗೊತ್ತಿಲ್ದೆ ಹೊರಗೆ ಏನಂತ ಬರೀಲಿ?" ಎಂದು ಕೇಳುತ್ತಿದ್ದರು. ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನು ಕಾಣೆ.

ತುಮಕೂರಿನ ಶಿರಾ ಗೇಟಿನಲ್ಲಿ, ಪಂಕ್ಚರ್ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಒಂದು ಕೋಣೆಯೇ ಅವರ ಅಂಗಡಿ. ಆಳು ಉದ್ದ, ಸಣಕಲು. ಕಿವಿಯ ಮೇಲೆ ಪೆನ್ಸಿಲ್ಲು, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ. ಅದು ಒಂದು ಕಾಲಕ್ಕೆ ಬಿಳಿಯದಾಗಿತ್ತು ಎನ್ನಬೇಕು. ನಾನು ನೋಡುವ ಹೊತ್ತಿಗೆ ಊರಿನ ಅರ್ಧ ಅಂಗಡಿಗಳ ಬಣ್ಣ ಅದರ ಮೇಲಿತ್ತು. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು ಹಾಕುವುದು ಅವರ ರೂಢಿ. ಪೂರ್ತಿ ಹೆಸರಿಗೆ ಜಾಗ ಸಾಲದೆಂದು 'ನಂಜು' ಎಂದಷ್ಟೇ ಬರೆಯುತ್ತಿದ್ದರು. ಇದರಿಂದ ಒಮ್ಮೆ ಜಗಳವೇ ಆಗಿತ್ತಂತೆ. ಹೊಸದಾಗಿ ಹೋಟೆಲು ತೆರೆದವರೊಬ್ಬರು 'ಬಿಸಿ ಬಿಸಿ ಊಟ ಸಿದ್ಧ' ಎಂದು ಬರೆಸಿದರು. ಮೂಲೆಯಲ್ಲಿ ಎಂದಿನಂತೆ 'ನಂಜು' ಬಿತ್ತು. ಮೂರು ದಿನ ಒಬ್ಬ ಗಿರಾಕಿಯೂ ಒಳಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಹೋಟೆಲಿನವರು ಬೋರ್ಡನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದರು.

"ಏನ್ರೀ ಇದು? ಊಟ ಸಿದ್ಧ, ನಂಜು! ಓದ್ದೋನು ಒಳಗ್ ಬರ್ತಾನೇನ್ರೀ?"

ನಂಜುಂಡಪ್ಪನವರು ಬೋರ್ಡನ್ನು ದೂರ ಹಿಡಿದು ನೋಡಿದರು. "ಸ್ವಾಮಿ, ತಪ್ಪು ನಮ್ಮಪ್ಪಂದು. ನಂಗೆ ಅಮೃತಪ್ಪ ಅಂತ ಹೆಸ್ರಿಟ್ಟಿದ್ರೆ ನಿಮ್ ಹೋಟ್ಲು ಇಷ್ಟೊತ್ಗೆ ಉದ್ಧಾರ ಆಗೋದು" ಎಂದು ಹೇಳಿ, ಹೆಸರಿನ ಮೇಲೆ ಒಂದು ಬಾಳೆಎಲೆ ಬರೆದು ಮುಚ್ಚಿ ಕಳಿಸಿದರಂತೆ. ಈ ಕತೆಯನ್ನು ನನಗೆ ಹೇಳಿದ್ದು ಪಕ್ಕದ ಪಂಕ್ಚರ್ ಅಂಗಡಿಯವರು. ನಂಜುಂಡಪ್ಪನವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಎಲೆ ಚೆನ್ನಾಗ್ ಬಂದಿತ್ತು" ಎಂದರು, ಅಷ್ಟೇ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಕಚೇರಿಯ ಕೆಲಸಕ್ಕೆ. ಊರಿಗೆ ಬರುವ ಪ್ರವಾಸಿಗರ ವಿಚಾರ ನೋಡಿಕೊಳ್ಳುವ ಸಣ್ಣದೊಂದು ಕಚೇರಿಯಲ್ಲಿ ಆಗ ನಾನು ಗುತ್ತಿಗೆಯ ಮೇಲಿದ್ದೆ. ವರ್ಷಕ್ಕೊಮ್ಮೆ ನವೀಕರಣ. ಅದಾಗುವವರೆಗೆ ನಾವು ಯಾರೂ ಗಟ್ಟಿಯಾಗಿ ಸೀನುತ್ತಿರಲಿಲ್ಲ. ಬೆಂಗಳೂರಿನಿಂದ ಶನಿವಾರ ಭಾನುವಾರ ಕಾರು ಹತ್ತಿ ಹೊರಡುವವರು ಹೆದ್ದಾರಿಯಲ್ಲಿ ಹಾಗೆಯೇ ಮುಂದೆ ಹೋಗಿಬಿಡುತ್ತಾರೆ, ಅವರನ್ನು ಒಳಗೆ ಕರೆಯಲು ದಾರಿ ತೋರಿಸುವ ಬೋರ್ಡು ಬೇಕು ಎಂದು ನಮ್ಮ ಸಾಹೇಬರಿಗೆ ಅನಿಸಿತು. ಮೊದಲು ಫ್ಲೆಕ್ಸ್ ಹಾಕಿಸಿದೆವು. ಎರಡೇ ವಾರದಲ್ಲಿ ಒಂದೂ ಉಳಿಯಲಿಲ್ಲ. ಗಾಜಿನ ಮನೆಯ ಚಿತ್ರವಿದ್ದ ಫ್ಲೆಕ್ಸು ಹಳ್ಳಿಯೊಂದರ ಕೊಟ್ಟಿಗೆಯ ಮೇಲೆ ತಲೆಕೆಳಗಾಗಿ ಹಾಸಿತ್ತು. ಅದರ ಕೆಳಗೆ ಎರಡು ಸೀಮೆಹಸುಗಳು ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದವು. ಕೇಳಿದ್ದಕ್ಕೆ ಮನೆಯಾಕೆ, "ಬಲೇ ಗಟ್ಟಿ ಐತೆ ಕಣಮ್ಮ, ಒಂದ್ ಹನಿ ಸೋರಲ್ಲ. ಇನ್ನೊಂದಿದ್ರೆ ಕೊಟ್ಟೋಗಿ" ಎಂದರು.

ಸಾಹೇಬರು ಸಿಟ್ಟಾಗಲಿಲ್ಲ. "ತಗಡಿನ ಮೇಲೆ ಪೇಂಟಲ್ಲಿ ಬರೆಸಿ, ಕಬ್ಬಿಣದ ಕಂಬಕ್ಕೆ ವೆಲ್ಡ್ ಮಾಡಿಸಿಬಿಡಿ" ಎಂದರು. ಹಾಗೆ ನಾನು ಶಿರಾ ಗೇಟಿಗೆ ಬಂದೆ.

ನಂಜುಂಡಪ್ಪನವರು ನನ್ನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು. ಗಾಜಿನ ಮನೆ, ಕೈದಾಳದ ಗುಡಿ, ದೇವರಾಯನದುರ್ಗ, ಗುಬ್ಬಿಯ ರಂಗಮಂದಿರ, ಕುಣಿಗಲ್ ಕೆರೆ.

"ಇದ್ರಾಗೆ ನೀವು ಯಾವ್ಯಾವ್ದು ನೋಡಿದೀರಾ?"

ನಾನು ಹುಟ್ಟಿ ಬೆಳೆದದ್ದು ತುಮಕೂರಿನಲ್ಲೇ. ಗಾಜಿನ ಮನೆಗೆ ಒಮ್ಮೆ ಹೂವಿನ ಪ್ರದರ್ಶನಕ್ಕೆ ಹೋಗಿದ್ದೆ. ದೇವರಾಯನದುರ್ಗಕ್ಕೆ ಶಾಲೆಯವರು ಕರೆದುಕೊಂಡು ಹೋಗಿದ್ದರು. ಉಳಿದವನ್ನು ಕಂಪ್ಯೂಟರಿನಲ್ಲಿ ನೋಡಿ ಟೈಪು ಮಾಡಿದ್ದೆ. ಹಾಗೆಂದು ಹೇಳಿದೆ.

"ಸರೋಯ್ತು. ನೀವೇ ಹೋಗ್ದೆ ಇರೋ ಮದ್ವೆಗೆ ಊರ್ನೆಲ್ಲ ಕರ್ದಂಗಾಯ್ತು" ಎಂದು ಅವರು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಗಾಡಿ ತಗಂಡ್ ಬನ್ನಿ ಮೇಡಮ್ಮ. ಒಂದೊಂದೇ ನೋಡ್ಕಂಡ್ ಬರಾಣ. ಆಮೇಲ್ ಬರೀತೀನಿ."

ಮುಖ ಬಿಸಿಯಾದದ್ದು ನೆನಪಿದೆ. ಆದರೂ ಮರುದಿನ ಹೋದೆ.

ಅವರು ಮೊಪೆಡ್ಡಿನಲ್ಲಿ ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಆ ಮೊಪೆಡ್ಡನ್ನು ಸೈಕಲ್ಲುಗಳು ದಾಟಿಕೊಂಡು ಹೋಗುತ್ತಿದ್ದವು. ಗೂಳೂರಿನಲ್ಲಿ ಟೀ ಕುಡಿದು, ತೋಟದ ಪಕ್ಕ ಎಳನೀರು ಕುಡಿದು, ಎದುರಿಗೆ ಸಿಕ್ಕ ಇಬ್ಬರು ಪರಿಚಯದವರ ಜೊತೆ ಮಾತಾಡಿ, ಕೈದಾಳ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಗುಡಿಯ ಬಾಗಿಲು ಹಾಕಿತ್ತು. ನಾನು ಸ್ಕೂಟರ್ ತಿರುಗಿಸಿದೆ. ನಂಜುಂಡಪ್ಪನವರು ಎದುರು ಮನೆಯ ಜಗಲಿಯಲ್ಲಿದ್ದ ಹೆಂಗಸನ್ನು ಏನೋ ಕೇಳಿ, ಬೀದಿಯ ಕಡೆ ತಿರುಗಿ, "ಪೂಜಾರಪ್ಪೋ!" ಎಂದು ಒಂದು ಕೂಗು ಹಾಕಿದರು. ಸ್ವಲ್ಪ ಹೊತ್ತಿಗೆ ಪೂಜಾರಿ ಒದ್ದೆ ಕೈ ಒರೆಸಿಕೊಳ್ಳುತ್ತ ಬೀಗದ ಕೈ ಹಿಡಿದು ಬಂದರು. ಊಟದ ನಡುವೆ ಎದ್ದು ಬಂದಿದ್ದರು. ಬೈಸಿಕೊಳ್ಳಲು ನಾನು ತಯಾರಾಗಿ ನಿಂತಿದ್ದೆ. ಅವರೋ, "ಯಾಕಮ್ಮ ಬಿಸ್ಲಲ್ಲಿ ನಿಂತಿದೀರಾ, ಆಗ್ಲೇ ಕೂಗ್ಬಾರ್ದಿತ್ತಾ?" ಎಂದರು.

ಒಳಗೆ ತಂಪು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕೇಶವನ ಮೂರ್ತಿ ಕಾಣಿಸಿತು. ನಾನು ಚೀಲದಿಂದ ಕಾಗದ ತೆಗೆದು ಸ್ಥಳಪುರಾಣವನ್ನು ಗಟ್ಟಿಯಾಗಿ ಓದಿದೆ. ದೊಡ್ಡ ಶಿಲ್ಪಿಯೊಬ್ಬ ತಾನು ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಚಿಕ್ಕವನೊಬ್ಬ ತೋರಿಸಿಕೊಟ್ಟಾಗ ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು, ಆಮೇಲೆ ಇಲ್ಲಿ ಗುಡಿ ಕಟ್ಟಿದಾಗ ದೇವರು ಕೈ ಮರಳಿ ಕೊಟ್ಟದ್ದು, ಅದಕ್ಕೇ ಊರಿಗೆ ಈ ಹೆಸರು ಬಂದದ್ದು. ನಂಜುಂಡಪ್ಪನವರು ಮೂರ್ತಿಯ ಬೆರಳುಗಳನ್ನೇ ನೋಡುತ್ತ ನಿಂತಿದ್ದರು.

"ಎಂಥಾ ಕೈ ಕಣಮ್ಮ" ಎಂದರು ಮೆಲ್ಲಗೆ. ಆಮೇಲೆ ತಲೆಯಾಡಿಸಿದರು. "ಆದ್ರೂ ದುಡುಕ್ಬಿಟ್ಟ. ತಪ್ಪು ತೋರ್ಸಿದ್ರೆ ಯಾರಾದ್ರೂ ಕೈ ಕತ್ರಿಸ್ಕತಾರಾ? ಬಿಳಿ ಬಣ್ಣ ಬಳ್ದು ತಿರ್ಗಾ ಬರೀಬೇಕಪ್ಪ."

ಪೂಜಾರಿ ನಕ್ಕ ನಗು ಗುಡಿಯ ಕಂಬ ಕಂಬಕ್ಕೂ ತಗುಲಿ ವಾಪಸು ಬಂತು.

ನಾಲ್ಕು ದಿನ ಬಿಟ್ಟು ಬೋರ್ಡು ತರಲು ಗೂಳೂರಿನ ಅವರ ಮನೆಗೆ ಹೋದೆ. ಅಲ್ಲಿ ಒಂದು ಗುಟ್ಟು ತಿಳಿಯಿತು. ಅಂಗಳದಲ್ಲಿ ತಗಡು ಹಾಸಿಕೊಂಡು ನಂಜುಂಡಪ್ಪನವರು ಅಕ್ಷರದ ಅಂಚನ್ನು ಮಾತ್ರ ಎಳೆಯುತ್ತಿದ್ದರು. ಒಳಗೆ ಬಣ್ಣ ತುಂಬುತ್ತಿದ್ದವರು ಅವರ ಹೆಂಡತಿ ಪುಟ್ಟಮ್ಮ. ಮದುವೆಯಾದ ವರ್ಷದಿಂದಲೂ ಹೀಗೆಯೇ ಅಂತೆ. ಪುಟ್ಟಮ್ಮ ಕುಳ್ಳಗೆ, ಗುಂಡಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತರೆ ಬಣ್ಣ ಅಂಚು ದಾಟುತ್ತಿರಲಿಲ್ಲ. ಆದರೆ ಅಂಚು ಎಳೆಯಲು ಮಾತ್ರ ಗಂಡ ಬಿಡುತ್ತಿರಲಿಲ್ಲ. "ಅದು ಅವ್ರ ಹೆಚ್ಗಾರಿಕೆ, ಇರ್ಲಿ ಬುಡಿ" ಎನ್ನುತ್ತ ಪುಟ್ಟಮ್ಮ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟರು.

ಬೋರ್ಡು ನೋಡಿದೆ. ಹಳದಿ ನೆಲ, ಕಪ್ಪು ಅಕ್ಷರ, ಒಂದು ಬಾಣದ ಗುರುತು. ಎಲ್ಲ ನಾನು ಹೇಳಿದಂತೆಯೇ ಇತ್ತು. ಆದರೆ ಕೆಳಗೆ, ಯಾರೂ ಹೇಳದೆ, ಇನ್ನೂ ಮೂರು ಸಾಲು.

'ಮೆಟ್ಟಿಲು ಕಡಿಮೆ, ಅಜ್ಜಿಯರನ್ನೂ ಕರೆತನ್ನಿ. ಬಾಗಿಲು ಹಾಕಿದ್ದರೆ ಪೂಜಾರಪ್ಪನನ್ನು ಕೂಗಿ. ಬೈಯುವುದಿಲ್ಲ.'

"ಇದೇನು ನಂಜುಂಡಪ್ಪೋರೆ?"

"ನೋಡ್ದೋರು ನೋಡ್ದೆ ಇರೋರ್ಗೆ ಹೇಳ್ಬೇಕಾದ್ದು. ನೀವು ಅವತ್ತು ಗಾಡಿ ತಿರುಗ್ಸಿಬಿಟ್ಟಿದ್ರಿ, ಮರ್ತೋಯ್ತಾ?"

ಬೇಡ ಎನ್ನಬೇಕಿತ್ತು. ನಗು ಬಂದು ಎನ್ನಲಾಗಲಿಲ್ಲ. ಸಣ್ಣ ಅಕ್ಷರ, ಸಾಹೇಬರ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದುಕೊಂಡು ವೆಲ್ಡಿಂಗಿನವರನ್ನು ಕರೆಸಿದೆ.

ದೇವರಾಯನದುರ್ಗದ ಬೆಟ್ಟದಲ್ಲಿ ಒಂದು ಕೋತಿ ಬಂದು ನಂಜುಂಡಪ್ಪನವರ ಕಿವಿಯ ಮೇಲಿನ ಪೆನ್ಸಿಲನ್ನು ಕಿತ್ತುಕೊಂಡು ಬಂಡೆಯ ತುದಿಗೆ ಹೋಗಿ ಕೂತಿತು. ಅವರು ಕಲ್ಲು ಹುಡುಕಲಿಲ್ಲ, ಗದರಲಿಲ್ಲ. ಸೊಂಟಕ್ಕೆ ಕೈಯಿಟ್ಟುಕೊಂಡು, "ಬರಿಯಪ್ಪ, ನೀನಾದ್ರೂ ಚೆನ್ನಾಗ್ ಬರಿ" ಎಂದರು. ಆ ಬೋರ್ಡಿನಲ್ಲಿ 'ಕನ್ನಡಕ, ಪೆನ್ನು ಜೇಬಿನಲ್ಲಿರಲಿ. ಮೇಲಿನ ಗಾಳಿಗೆ ಮಾತ್ರ ಎದೆ ಬಿಚ್ಚಿ ನಿಲ್ಲಿ' ಎಂದು ಬಂತು.

ಗುಬ್ಬಿಯಲ್ಲಿ ಅವರ ಇನ್ನೊಂದು ಮುಖ ಕಂಡಿತು. ರಂಗಮಂದಿರದ ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟರು. ಯಾಕೆಂದು ಕೇಳಿದೆ. ಹರೆಯದಲ್ಲಿ ಅವರು ನಾಟಕದ ಪರದೆಗಳನ್ನು ಬರೆಯುತ್ತಿದ್ದರಂತೆ. ಅರಮನೆ, ಬೀದಿ, ಉದ್ಯಾನ, ಕಾಡು. ನಮ್ಮ ಕಡೆ ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕ ಆಡುತ್ತಾರಲ್ಲ, ಅವಕ್ಕೆ ಬಾಡಿಗೆಗೆ ಹೋಗುವ ಪರದೆಗಳು. ಅವರು ಬರೆದ ಮೊದಲ ಕಾಡು ಗುಬ್ಬಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪಾಂಡವರ ವನವಾಸಕ್ಕೆ ಏರಿತು. ಪರದೆ ಬಿಚ್ಚಿಕೊಂಡಾಗ ಜನರೆಲ್ಲ ಹೋ ಎಂದು ಕೂಗಿದರು. ಮೆಚ್ಚಿಗೆಗೆ ಕೂಗಿದ್ದೆಂದು ಇವರು ಬದಿಯಲ್ಲಿ ನಿಂತು ಕೈ ಮುಗಿದರು.

"ಆಮೇಲ್ ನೋಡ್ತೀನಿ, ಕಾಡ್ ಮಧ್ಯ ಕರೆಂಟ್ ಕಂಬ! ನಾನ್ ನೋಡಿದ್ದ ಕಾಡ್ನಾಗೆ ಒಂದ್ ಕಂಬ ಇತ್ತು, ಹಂಗೇ ಬರ್ದ್ಬಿಟ್ಟಿದ್ದೆ. ಭೀಮ ಮಾಡಿದ್ದೋನು ಬಲೇ ಚಾಲೂಕು. ಕಂಬ ತೋರ್ಸಿ, ಅಣ್ಣಾ ಧರ್ಮರಾಯ, ವನವಾಸಕ್ಕೆ ಬಂದ್ರೂ ಕರೆಂಟ್ ಬಿಲ್ಲು ತಪ್ಪಲಿಲ್ವಲ್ಲೋ ಅಂದ್ಬಿಟ್ಟ. ಒನ್ಸ್ ಮೋರ್ ಬಿತ್ತು ಕಣಮ್ಮ!"

ಅಂದು ನಕ್ಕವರ ನಡುವೆ ಗುಬ್ಬಿಯ ಒಬ್ಬ ಹುಡುಗಿಯೂ ಇದ್ದಳು. ನಾಟಕ ಮುಗಿದ ಮೇಲೆ ಬಂದು, "ಕಂಬ ಬರ್ದಿದ್ದು ನೀವೇನಾ?" ಎಂದು ಕೇಳಿದಳಂತೆ. ಅವಳೇ ಪುಟ್ಟಮ್ಮ.

ಅವರು ಖಾಲಿ ರಂಗದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಸದ್ದು ಹಿಂದಿನ ಗೋಡೆಗೆ ಹೋಗಿ ಮರಳಿತು. ಮತ್ತೆ ತಟ್ಟಿದರು. ನನ್ನನ್ನೂ ಹತ್ತಿಸಿ ತಟ್ಟಿಸಿದರು. 'ಒಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿ ನೋಡಿ. ಇಲ್ಲಿ ಬಹಳ ಜನ ತಟ್ಟಿದ್ದಾರೆ' ಎಂಬ ಸಾಲು ಅಲ್ಲಿಯೇ ಹುಟ್ಟಿತು. ಹೊರಗೆ ಬಂದು ಟೀ ಕುಡಿಯುವಾಗ ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿದದ್ದನ್ನು ಗಮನಿಸಿದೆ. ಆದರೂ ಟೀ ತುಳುಕಿ ಅಂಗಿಯ ಮೇಲೆ ಬಿತ್ತು. ಅಂಗಿಗೆ ಅದು ಇನ್ನೊಂದು ಬಣ್ಣ, ಅಷ್ಟೇ. ನಾನೂ ಮರೆತೆ.

ಸಾಹೇಬರು ಬೋರ್ಡು ನೋಡಿದ್ದು ಒಂದು ತಿಂಗಳಾದ ಮೇಲೆ. ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಅದಕ್ಕೂ ಮುಂಚೆ ಒಮ್ಮೆ ನೋಡಿಬರೋಣವೆಂದು ಕುಣಿಗಲ್ ರಸ್ತೆಯಲ್ಲಿ ಹೋದವರು ಅರ್ಧ ದಾರಿಯಿಂದಲೇ ನನಗೆ ಫೋನು ಮಾಡಿದರು.

"ಏನ್ರೀ ಇದು, ಪೂಜಾರಪ್ಪ ಬೈಯುವುದಿಲ್ಲ? ಸರ್ಕಾರಿ ಬೋರ್ಡಾ ಇದು, ಮನೆ ಗೃಹಪ್ರವೇಶದ ಕಾರ್ಡಾ? ನಾಳೆ ಸಂಜೆ ಒಳಗೆ ಎಲ್ಲಾ ಬೋರ್ಡಲ್ಲೂ ಈ ಎಕ್ಸ್‌ಟ್ರಾ ಲೈನು ಅಳಿಸಿರಬೇಕು. ನಿಮ್ಮ ನವೀಕರಣದ ಫೈಲು ನನ್ನ ಟೇಬಲ್ ಮೇಲಿದೆ, ಗೊತ್ತಲ್ಲ?"

ಗೊತ್ತಿತ್ತು. ಮನೆಯಲ್ಲಿ ಅಪ್ಪನಿಗೆ ನಿವೃತ್ತಿಯಾಗಿತ್ತು, ತಮ್ಮ ಇನ್ನೂ ಓದುತ್ತಿದ್ದ. ಮರುದಿನ ನಾನು ನಂಜುಂಡಪ್ಪನವರ ಮುಂದೆ ನಿಂತು ವಿಷಯ ಹೇಳಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಹಳದಿ ಬಣ್ಣದ ಡಬ್ಬಿ ಎತ್ತಿಕೊಂಡು ಮೊಪೆಡ್ಡು ಹತ್ತಿದರು.

ಗೂಳೂರಿನ ಆಚೆ, ಕೈದಾಳದ ತಿರುವಿನಲ್ಲಿ ಇಳಿದೆವು. ಅವರು ಡಬ್ಬಿಯ ಮುಚ್ಚಳ ತೆಗೆದು ಕಡ್ಡಿಯಿಂದ ಬಣ್ಣ ಕಲಕತೊಡಗಿದರು. ಕಲಕಿದರು, ಕಲಕಿದರು, ಮುಗಿಯಲೇ ಇಲ್ಲ.

"ತಪ್ಪಿದ್ರೆ ಬಳ್ದಾಕ್ಬಿಡ್ತಿದ್ದೆ ಕಣಮ್ಮ" ಎಂದರು ಕೊನೆಗೆ, ಡಬ್ಬಿ ನೋಡುತ್ತಲೇ. "ಮೆಟ್ಲು ಜಾಸ್ತಿ ಐತಾ? ಪೂಜಾರಪ್ಪ ಬೈದ್ರಾ? ತಪ್ಪೇನೈತೆ ಹೇಳಿ."

"ನನ್ನ ಕೆಲಸ ಹೋಗುತ್ತೆ" ಎಂದೆ.

"ಹಂಗಾರೆ ಅಳಿಸ್ತೀನಿ ಬುಡಿ" ಎಂದು ತಕ್ಷಣ ಎದ್ದರು. ಬ್ರಷ್ಷು ಅದ್ದಿದರು.

ಅಷ್ಟರಲ್ಲಿ ಗುಡಿಯ ಕಡೆಯಿಂದ ಬಂದ ಒಂದು ಕಾರು ನಮ್ಮ ಹತ್ತಿರ ನಿಂತಿತು. ಓಡಿಸುತ್ತಿದ್ದವನು ನಡುವಯಸ್ಸಿನವ. ಪಕ್ಕದಲ್ಲಿ ಅವನ ತಾಯಿ. ಎಂಬತ್ತರ ಹತ್ತಿರವಿದ್ದ ಆಕೆ ಗಾಜು ಇಳಿಸಿ ಕುತ್ತಿಗೆ ಹೊರಗೆ ಹಾಕಿದರು.

"ಈ ಬೋರ್ಡು ಬರೆದೋರು ನೀವೇನಪ್ಪಾ?"

"ಹೂಂ ತಾಯಿ. ಈಗ ಅಳಿಸಾಕ್ ಬಂದಿದೀನಿ."

"ಅಯ್ಯೋ, ಯಾಕೆ?" ಎಂದು ಅವರು ಬಾಗಿಲು ತೆಗೆದು ಇಳಿದೇಬಿಟ್ಟರು, ಮಗ ಓಡಿ ಬಂದು ಹಿಡಿದುಕೊಳ್ಳುವಷ್ಟರಲ್ಲಿ. "ನನಗೆ ಮಂಡಿ ನೋವು. ಎಲ್ಲಿಗೆ ಕರ್ಕೊಂಡು ಹೋದ್ರೂ, ಮೆಟ್ಲು ಜಾಸ್ತಿ ಇರುತ್ತೆ ನೀನು ಇಲ್ಲೇ ಕೂತಿರಮ್ಮ ಅಂತ ಕಾರಲ್ಲಿ ಬಿಟ್ಟು ಹೋಗ್ತಾರೆ. ದೊಡ್ಡ ದೊಡ್ಡ ಗುಡಿಗೆಲ್ಲ ಹೋಗಿದೀನಿ, ನೋಡಿರೋದು ಬರೀ ಪಾರ್ಕಿಂಗು! ಇವತ್ತು ಇವನು ಈ ಬೋರ್ಡು ಓದಿ, ಬಾಮ್ಮ ನೀನೂ ಅಂದ. ಒಳಗೆ ಹೋದೆ. ಕೇಶವನ ಪಾದದ ಹತ್ರ ನಿಂತ್ಕೊಂಡೆ."

ಹೇಳುತ್ತ ಹೇಳುತ್ತ ಅವರು ನಕ್ಕರು. ಕಣ್ಣಿನಲ್ಲಿ ನೀರೂ ಇತ್ತು. ಮಗ ಆ ಕಡೆ ತಿರುಗಿ ತೆಂಗಿನ ತೋಟ ನೋಡುತ್ತಿದ್ದ. ನಂಜುಂಡಪ್ಪನವರು ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

ನನಗೆ ಆ ಧೈರ್ಯ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. "ಅಮ್ಮಾ, ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ? ಫೋನಲ್ಲಿ ಹಿಡ್ಕೊಳ್ತೀನಿ" ಎಂದೆ. ಆಕೆ ಸೆರಗು ಸರಿಮಾಡಿಕೊಂಡು, ಬೋರ್ಡಿನ ಪಕ್ಕ ನಿಂತು, ಮೊದಲಿಗಿಂತ ಚೆನ್ನಾಗಿ ಹೇಳಿದರು. ಪಾರ್ಕಿಂಗಿನ ಮಾತಿಗೆ ಕೈಯನ್ನೂ ಬೀಸಿದರು.

ಅವರು ಹೋದ ಮೇಲೆ ನಾನೇ ಡಬ್ಬಿಯ ಮುಚ್ಚಳ ಹಾಕಿದೆ. "ಅಳಿಸೋದು ಬೇಡ ನಂಜುಂಡಪ್ಪೋರೆ."

"ನಿಮ್ ಕೆಲ್ಸ?"

"ನೋಡೋಣ."

ಸಂಜೆ ಸಾಹೇಬರ ಎದುರು ಫೋನು ಇಟ್ಟು, ಅಳಿಸಿಲ್ಲ ಎಂದೂ, ಯಾಕೆಂದೂ ಹೇಳಿದೆ. ಅವರು ವಿಡಿಯೋವನ್ನು ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು. "ಸರಿ, ನೀವು ಹೋಗಿ" ಎಂದರು. ಆ ಶನಿವಾರ, ಭಾನುವಾರ ನಾನು ಅನ್ನ ತಿಂದದ್ದು ನೆನಪಿಲ್ಲ. ಸೋಮವಾರ ಬೆಳಿಗ್ಗೆ ಕರೆಸಿದರು. ಕಿಟಕಿಯ ಕಡೆ ನೋಡುತ್ತ ನಿಂತಿದ್ದರು.

"ನಿನ್ನೆ ನಮ್ಮಮ್ಮನ್ನ ಕರ್ಕೊಂಡು ಹೋಗಿದ್ದೆ" ಎಂದರು. "ಹೋಗೋದು ಲೇಟಾಯ್ತು. ಬಾಗಿಲು ಹಾಕಿತ್ತು." ನನ್ನ ಕಡೆ ತಿರುಗಿದರು. "ಪೂಜಾರಪ್ಪ ನಿಜವಾಗ್ಲೂ ಬೈಲಿಲ್ಲ ಕಣ್ರೀ."

ತಪಾಸಣೆಯೂ ಆಯಿತು, ನವೀಕರಣವೂ ಆಯಿತು. ಮೇಲಧಿಕಾರಿಗಳು ಬೋರ್ಡಿನ ಬಗ್ಗೆ ಏನೂ ಹೇಳಲಿಲ್ಲವಂತೆ. ಆದರೆ ಗುಬ್ಬಿಯಲ್ಲಿ ಒಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿದರಂತೆ.

ಗಾಜಿನ ಮನೆಯದೂ ಸೇರಿ ನಾಲ್ಕು ಬೋರ್ಡು ಮುಗಿದಿದ್ದವು. ಉಳಿದಿದ್ದು ಕುಣಿಗಲ್ ಕೆರೆಯದು. ಆ ಹೊತ್ತಿಗೆ ನಂಜುಂಡಪ್ಪನವರು ಮೊಪೆಡ್ಡು ಬಿಟ್ಟಿದ್ದರು. ಹ್ಯಾಂಡಲ್ ಹಿಡಿದರೆ ಬಲಗೈ ನಿಲ್ಲುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಪೂರ್ತಿ ವಾಸಿಯಾಗುವುದಲ್ಲ ಎಂದೂ ಹೇಳಿದ್ದರು. "ಕೈದಾಳದ ಸ್ವಾಮಿಗೆ ಒಂದ್ ಅರ್ಜಿ ಹಾಕಿದೀನಿ. ಹಳೇ ಕೇಸು ನೋಡಿ ತೀರ್ಮಾನ ಮಾಡ್ಬೇಕು" ಎಂದು ನಗಿಸಿದರು. ಪುಟ್ಟಮ್ಮನವರನ್ನೂ ಕರೆದುಕೊಂಡು ಮೂವರೂ ಬಸ್ಸಿನಲ್ಲಿ ಹೊರಟೆವು. ಇಷ್ಟು ವರ್ಷ ಬೋರ್ಡಿಗೆ ಬಣ್ಣ ತುಂಬಿದ ಪುಟ್ಟಮ್ಮ ಜಾಗ ನೋಡಲು ಬಂದದ್ದು ಅದೇ ಮೊದಲು.

ಕೆರೆ ತುಂಬಿತ್ತು. ಏರಿಯ ಮೇಲೆ ಗಾಳಿಯೋ ಗಾಳಿ. ಪುಟ್ಟಮ್ಮ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದು ಸುಮ್ಮನೆ ಕೂತೆವು. ಕಚೇರಿಯ ಕೆಲಸಕ್ಕೆ ಬಂದು ಅಷ್ಟು ಹೊತ್ತು ಏನೂ ಮಾಡದೆ ಕೂತದ್ದು ನನ್ನ ಜೀವನದಲ್ಲಿ ಅದೊಂದೇ ದಿನ. 'ಏರಿ ಮೇಲೆ ಸ್ವಲ್ಪ ಹೊತ್ತು ಕೂತು ಹೋಗಿ. ಅರ್ಜೆಂಟ್ ಏನಿದೆ?' ಎಂಬ ಸಾಲು ಆ ಬೋರ್ಡಿನಲ್ಲಿ ಇವತ್ತಿಗೂ ಇದೆ.

ಗೂಳೂರಿಗೆ ಮರಳಿದ ಮೇಲೆ, ಇನ್ನೂ ಬೆಳಕಿದೆ ಎಂದು ಅವರು ಅಂಗಳದಲ್ಲಿ ತಗಡು ಹಾಸಿದರು. 'ಕು' ಎಳೆದರು. ಗೆರೆ ನಡುಗಿತು. ಬಟ್ಟೆಯಿಂದ ಒರೆಸಿ ಮತ್ತೆ ಎಳೆದರು. ಮತ್ತೆ ನಡುಗಿತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಹೆಸರಿನ ಅಷ್ಟೂ ಅಕ್ಷರ ಎಳೆದು ಮುಗಿಸಿದರು. ಒಂದೂ ನೆಟ್ಟಗಿರಲಿಲ್ಲ. ಬ್ರಷ್ಷನ್ನು ನೆಲಕ್ಕೆ ಇಟ್ಟರು.

"ಬುಡಿ, ನಾಳೆ ಬರೀವ್ರಂತೆ" ಎಂದರು ಪುಟ್ಟಮ್ಮ.

ಅವರು ಬಿಡಲಿಲ್ಲ. ಎದ್ದು ದೂರ ಹೋಗಿ ಬಾಗಿಲಿಗೆ ಒರಗಿ ಬೋರ್ಡು ನೋಡಿದರು. ಬಹಳ ಹೊತ್ತು ನೋಡಿದರು.

"ಪುಟ್ಟಿ, ಕೆರೆ ನೀರು ಹೆಂಗಿತ್ತು ಇವತ್ತು?"

"ಗಾಳಿಗೆ ಅಲೆ ಎದ್ದಿತ್ತು."

"ಹಂಗೇ ಬಂದೈತೆ ನೋಡು. ತುಂಬು."

ಪುಟ್ಟಮ್ಮ ಕುಕ್ಕರಗಾಲಲ್ಲಿ ಕೂತರು. ಗಂಡನ ಕೈ ಎಲ್ಲೆಲ್ಲಿ ನಡುಗಿತ್ತೋ ಅಲ್ಲೆಲ್ಲ ಅವರ ಬ್ರಷ್ಷೂ ಅಷ್ಟೇ ಬಾಗಿತು. ಒಂದು ಕಡೆಯೂ ಗೆರೆಯನ್ನು ನೆಟ್ಟಗೆ ಮಾಡಲಿಲ್ಲ. ಮುಗಿಯುವ ಹೊತ್ತಿಗೆ ನಿಜವಾಗಿ ನೀರಿನ ಮೇಲೆ ಬರೆದಂತಿತ್ತು. ಈಗ ಕುಣಿಗಲ್‌ಗೆ ಬರುವವರು ಕೆರೆಗಿಂತ ಮೊದಲು ಆ ಬೋರ್ಡಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರೋ ದೊಡ್ಡ ಕಲಾವಿದ ಬೇಕೆಂದೇ ಹಾಗೆ ಬರೆದಿದ್ದಾನೆ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಶಿರಾ ಗೇಟಿನ ಕೋಣೆಯನ್ನು ಅವರು ಬಿಟ್ಟುಕೊಟ್ಟರು. ಅಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಆಮೇಲಿನ ಎರಡು ವರ್ಷ ಅಂಗಳದ ಕುರ್ಚಿಯಲ್ಲಿ ಕೂತು ಹೆಂಡತಿಗೆ ಅಂಚು ಎಳೆಯುವುದನ್ನು ಕಲಿಸಿದರು. ಕಲಿಸಿದರು ಎನ್ನುವುದಕ್ಕಿಂತ ಜಗಳವಾಡಿದರು ಎನ್ನಬೇಕು. ನಾನು ಕೊನೆಯ ಸಲ ಅವರನ್ನು ನೋಡಿದ್ದು ಆ ಜಗಳದ ನಡುವೆಯೇ. ನನಗೆ ಇನ್ನೊಂದು ಕಡೆ ಕಾಯಂ ಕೆಲಸ ಸಿಕ್ಕಿತ್ತು. ಸಿಹಿ ತೆಗೆದುಕೊಂಡು ಹೋಗಿದ್ದೆ. ಇಬ್ಬರೂ ಒಂದು ಬಳ್ಳಿಯ ವಿಷಯಕ್ಕೆ ಕಿತ್ತಾಡುತ್ತಿದ್ದರು.

"ನೋಡಮ್ಮ ನೀನೇ. ಏತ್ವದ ಬಳ್ಳಿ ಹಿಂಗಾ ಬಗ್ಗೋದು? ಬಚ್ಚಲ್ ಪೈಪ್ ಇದ್ದಂಗೈತೆ."

"ಇವ್ರ ಬಳ್ಳಿ ಹೆಂಗಿತ್ತು ಅಂತ ನಂಗೊತ್ತಿಲ್ವಾ? ತುಂಬ್ದೋಳು ನಾನು!" ಎಂದರು ಪುಟ್ಟಮ್ಮ.

ನಂಜುಂಡಪ್ಪನವರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಹೊರಡುವಾಗ ತಲೆಯ ಮೇಲೆ ಕೈಯಿಟ್ಟರು. ಆ ಕೈ ನಡುಗುತ್ತಲೇ ಇತ್ತು. "ಹೊಸಾ ಆಫೀಸ್ನಾಗೆ ಗಟ್ಟಿಯಾಗ್ ಮಾತಾಡವ್ವ" ಎಂದರು. ಅದೇ ಆಷಾಢದಲ್ಲಿ, ಒಂದು ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ನಾಲ್ಕು ತಿಂಗಳ ಮೇಲೆ ಪುಟ್ಟಮ್ಮನವರ ಫೋನು ಬಂತು. ಅಮೃತೂರಿನ ಒಂದು ಶಾಲೆಯವರು ಹೊಸದಾಗಿ ಬಯಲು ರಂಗಮಂದಿರ ಕಟ್ಟಿಸಿದ್ದಾರೆ, ಅದರ ಹಣೆಯ ಮೇಲೆ ಹೆಸರು ಬರೆಯಬೇಕಂತೆ. "ಒಬ್ಳೇ ಹೋಗಾಕೆ ಒಂಥರಾ ಆಯ್ತದೆ. ನೀನು ಬರ್ತೀಯೇನವ್ವಾ?"

ರಜೆ ಹಾಕಿ ಹೋದೆ. ಖಾಸಗಿ ಬಸ್ಸಿನ ಸೀಟಿನ ಕೆಳಗೆ ಬಣ್ಣದ ಡಬ್ಬಿ ಇಟ್ಟುಕೊಂಡು ಅಮೃತೂರಿನಲ್ಲಿ ಇಳಿದೆವು. ಪುಟ್ಟಮ್ಮ ಏಣಿ ಹತ್ತಿ, ಮೊದಲು ಅಂಚು, ಆಮೇಲೆ ಬಣ್ಣ, ಮಧ್ಯಾಹ್ನದವರೆಗೂ ಒಂದೇ ಸಮನೆ ಬರೆದರು. ನಾನು ಏಣಿ ಹಿಡಿದು ನಿಂತಿದ್ದೆ. ಕೊನೆಯ ಅಕ್ಷರ ಮುಗಿಸಿ ಇಳಿದವರು ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋದರು. ಇನ್ನೂ ಹಿಂದೆ, ಇನ್ನೂ ಹಿಂದೆ. ಶಾಲೆಯ ಗೇಟು ದಾಟಿ ರಸ್ತೆಯ ನಡುವೆಯೇ ಹೋಗಿ ನಿಂತುಬಿಟ್ಟರು.

"ಅವ್ರಿದ್ದಿದ್ರೆ ದೀರ್ಘ ಸೊಟ್ಟ ಅಂತ ಬೈಯೋರು" ಎಂದರು. "ಸೊಟ್ಟ ಐತಾ?"

"ಇಲ್ಲ."

"ಇಲ್ಲ ಅಲ್ವಾ? ಆದ್ರೂ ಬೈಯೋರು" ಎಂದು ನಕ್ಕರು. ನಗುತ್ತಲೇ ಮೂಗು ಒರೆಸಿಕೊಂಡರು. ಮೂಗಿನ ತುದಿಗೆ ಕೆಂಪು ಬಣ್ಣ ಹತ್ತಿತು.

ತಿರುವಿನಲ್ಲಿ ಬಂದ ಬಸ್ಸು ಹಾರ್ನ್ ಹೊಡೆಯಿತು. ಕಂಡಕ್ಟರು ಬಾಗಿಲಿನಿಂದ ನೇತಾಡುತ್ತ, "ಅಕ್ಕೋ, ಸೈಡಿಗ್ ಬನ್ನಿ!" ಎಂದು ಕೂಗಿದ.

ಪುಟ್ಟಮ್ಮ ತಿರುಗಲಿಲ್ಲ. ಬ್ರಷ್ಷು ಹಿಡಿದ ಕೈಯನ್ನು ಮಾತ್ರ ಹಿಂದಕ್ಕೆ ಎತ್ತಿ ತೋರಿಸಿದರು. "ಒಸಿ ಇರಪ್ಪ. ನೋಡ್ತಾ ಇವ್ನಿ."

ಬಸ್ಸು ನಿಂತಿತು. ಕಿಟಕಿಗಳಿಂದ ಒಬ್ಬೊಬ್ಬರೇ ತಲೆ ಹೊರಗೆ ಹಾಕಿ, ಅವರು ಏನು ನೋಡುತ್ತಿದ್ದಾರೋ ಅದನ್ನೇ ನೋಡತೊಡಗಿದರು.